ನೀರುಚಿಗಟದ ಡಿಎನ್‌ಎ ಅಳೆಯುವವರಿಗೆ

ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ತಮ್ಮ ತಂಗಿಯರಿಗೆ,

ಡ್ಯಾಫ್ನಿಯಾ, ಅಂದರೆ ನೀರುಚಿಗಟ, ಕೆರೆ ಹೊಂಡಗಳಲ್ಲಿ ಕುಪ್ಪಳಿಸಿದಂತೆ ಈಜುವ ಕೆಲವೇ ಮಿಲಿಮೀಟರಿನ ಕಠಿಣಚರ್ಮಿ. ಅದರ ಜೀನೋಮೂ ಪುಟ್ಟದೇ. ಡ್ಯಾಫ್ನಿಯಾ ಪ್ಯೂಲೆಕ್ಸ್ ಜಾತಿಯಲ್ಲಿ 12 ವರ್ಣತಂತುಗಳ ಒಂದು ಗಣದಲ್ಲಿರುವುದು ಸುಮಾರು 20 ಕೋಟಿ ಬೇಸ್ ಜೋಡಿ. ಮನುಷ್ಯನದು 300 ಕೋಟಿಗೂ ಮೇಲು. 2011ರಲ್ಲಿ ಈ ಜೀನೋಮ್ ಪ್ರಕಟವಾದಾಗ 30,000ಕ್ಕೂ ಹೆಚ್ಚು ಜೀನ್‌ಗಳಿವೆ ಎಂಬ ಲೆಕ್ಕ ದೊಡ್ಡ ಸುದ್ದಿಯಾಯಿತು. ಆಮೇಲಿನ ಪರಿಷ್ಕರಣೆಗಳಲ್ಲಿ ಅದು ಬಹಳ ಇಳಿಯಿತು.

ಜೀನೋಮಿನ ಈ ಗಾತ್ರ ಮೈಯ ಎಲ್ಲ ಕೋಶಗಳಿಗೂ ಹೊಂದುವುದಿಲ್ಲ. ಕೆಲವು ದೇಹಕೋಶಗಳು ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತವೆ, ಆದರೆ ಎರಡಾಗಿ ಒಡೆಯುವುದಿಲ್ಲ. ಸಾಮಾನ್ಯ ಕೋಶದಲ್ಲಿರುವ ಎರಡು ಗಣ ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಹತ್ತು ಸಲ ಇಮ್ಮಡಿಸಿದರೆ 2048. ಇದೇ ದೇಹಕೋಶಗಳ ಬಹುಗುಣಿತತೆ. ಕೋಶಕೇಂದ್ರದ ಜೊತೆಗೆ ಕೋಶವೂ ಹಿಗ್ಗುತ್ತದೆ. ಡ್ಯಾಫ್ನಿಯಾದ ತಲೆಯಂಚಿನ ಚರ್ಮದಲ್ಲಿ ಇಂಥ ದೊಡ್ಡ ಕೋಶಗಳಿವೆ. ಅವುಗಳ ಸುತ್ತಲಿನ ಸಾಮಾನ್ಯ ಕೋಶಗಳು ಚುರುಕಾಗಿ ವಿಭಜನೆಯಾಗುವುದನ್ನು ಬೀಟನ್ ಮತ್ತು ಹೀಬರ್ಟ್ 1997ರಲ್ಲಿ ವರದಿ ಮಾಡಿದರು. ತಲೆಯ ಮೇಲೆ ಏಳುವ ಚೂಪು ಶಿರಸ್ತ್ರಾಣದ ರೂಪಕ್ಕೂ ಈ ಕೋಶಗಳಿಗೂ ನಂಟಿದೆ ಎಂಬುದು ಅವರ ವಾದ.

ಅದೇ ನೀರಿನ ಸೈಕ್ಲಾಪ್ಸ್ ಎಂಬ ಪುಟ್ಟ ಕಠಿಣಚರ್ಮಿಗಳಲ್ಲಿ ಕೆಲವುಗಳ ದಾರಿ ಪೂರಾ ಉಲ್ಟಾ. ಸೈಕ್ಲಾಪ್ಸ್ ಕೊಲೆನ್ಸಿಸ್‌ನ ಭ್ರೂಣದಲ್ಲಿ, ಮುಂದೆ ಮೈಯಾಗಲಿರುವ ಕೋಶಗಳು ತಮ್ಮ ಡಿಎನ್‌ಎಯ ನೂರಕ್ಕೆ ಸುಮಾರು 94 ಭಾಗವನ್ನು ಕತ್ತರಿಸಿ ಬಿಸಾಡುತ್ತವೆ. ಸಂತಾನಕೋಶಗಳಲ್ಲಿ ಮಾತ್ರ ಅದು ಇಡಿಯಾಗಿ ಉಳಿಯುತ್ತದೆ.

ಹೀಗಿರುವಾಗ ಇಡೀ ಡ್ಯಾಫ್ನಿಯಾವನ್ನು ಅರೆದು, ಕೋಶಕೇಂದ್ರಗಳಿಗೆ ಬಣ್ಣ ಹಾಕಿ, ಅವುಗಳ ಹೊಳಪನ್ನು ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ಹರಿಸಿದರೆ ಪರದೆಯ ಮೇಲೆ ಒಂದಲ್ಲ, ಹಲವು ಶಿಖರಗಳು ಏಳುತ್ತವೆ. ಎತ್ತರದ ಶಿಖರವನ್ನೇ ಜೀನೋಮಿನ ಗಾತ್ರವೆಂದು ಬರೆದುಕೊಳ್ಳುವುದು ಹೊಸಬರ ಮಾಮೂಲಿ ತಪ್ಪು. ಅದು ನಾಲ್ಕು ಗಣದ್ದಿರಬಹುದು, ಎಂಟರದ್ದೂ ಇರಬಹುದು. ಎಡತುದಿಯ ಮೊದಲ ಸ್ಪಷ್ಟ ಶಿಖರದಿಂದ ಎಣಿಕೆ ಶುರುವಾಗಬೇಕು. ಅಲ್ಲಿಯೂ ಎಚ್ಚರ ಬೇಕು: ಧ್ರುವಪ್ರದೇಶದ ಕೆಲವು ಡ್ಯಾಫ್ನಿಯಾ ತಳಿಗಳು ಹುಟ್ಟಿನಿಂದಲೇ ಬಹುಗುಣಿತ. ಕರುಳಿನೊಳಗಿನ ಪಾಚಿಯೂ ನಡುವೆ ಹೊಳೆದು ಲೆಕ್ಕ ಕೆಡಿಸುತ್ತದೆ. ಹೋಲಿಕೆಗೆ ಮಾನಕವಾಗಿ ಕೋಳಿಯ ಕೆಂಪು ರಕ್ತಕಣ ಬಳಸುವುದು ರೂಢಿ. ಅದರಲ್ಲಿ ಕೋಶಕೇಂದ್ರವಿದೆ, ಡಿಎನ್‌ಎ ಸುಮಾರು 2.5 ಪಿಕೋಗ್ರಾಂ.

ಅಂಕಿಯ ಪಕ್ಕದಲ್ಲೇ ಯಾವ ಅಂಗಾಂಶ, ಯಾವ ಮಾನಕ, ಯಾವ ಶಿಖರ ಎಂಬುದನ್ನು ದಯವಿಟ್ಟು ಬರೆದಿಡಿ.