ಹೊಸೂರಿನ ಮನೆ, ಬೆಂಗಳೂರಿನ ಕಾರು

ತಮಿಳುನಾಡಿನ ಹೊಸೂರಿನಲ್ಲಿ ನೆಲೆಸಿ, ಅತ್ತಿಬೆಲೆ ದಾಟಿ ನಿತ್ಯ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ಓದುಗರೊಬ್ಬರು, ಬೆಂಗಳೂರಿನಲ್ಲಿ ಕೊಳ್ಳಲಿರುವ ಹಳೆಯ ಕಾರನ್ನು ಕೆಎ ಸಂಖ್ಯೆಯಲ್ಲೇ ಉಳಿಸಿಕೊಳ್ಳಬಹುದೇ ಎಂದು ಕೇಳಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗೂ ಮೀರಿ ಇರಿಸಿಕೊಂಡರೆ ಅಲ್ಲಿನ ಸಂಖ್ಯೆ ಪಡೆಯಲೇಬೇಕು. ದಿನವಿಡೀ ಕಾರು ಕರ್ನಾಟಕದಲ್ಲಿ ನಿಂತಿರುತ್ತದೆಂಬ ವಾದ ಜಾಣತನದ್ದಾದರೂ, ಮಾಲೀಕರ ವಿಳಾಸವೂ ಕಾರಿನ ರಾತ್ರಿಯ ನೆಲೆಯೂ ಹೊಸೂರೇ ಆಗಿರುವಾಗ ಅದನ್ನು ನೆಚ್ಚಿಕೊಳ್ಳುವುದು ತರವಲ್ಲ.

ಆದ್ದರಿಂದ ಮಾರುವವರ ಮೂಲಕ, ಕಾರು ನೋಂದಣಿಯಾದ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರವನ್ನು, ಅಂದರೆ ವಾಹನವನ್ನು ಬೇರೆಡೆ ನೋಂದಾಯಿಸಲು ಅಡ್ಡಿಯಿಲ್ಲವೆಂಬ ದೃಢೀಕರಣವನ್ನು, ಮೊದಲು ಪಡೆಯಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕಾಗುತ್ತದೆ. ಬಳಿಕ ಹೊಸೂರಿನ ಕಚೇರಿಯಲ್ಲಿ ಟಿಎನ್ 70 ಸರಣಿಯ ಸಂಖ್ಯೆ ದೊರೆಯುತ್ತದೆ. ಕೊಳ್ಳುವವರು ಮರೆಯುವುದು ತೆರಿಗೆಯನ್ನು: ಕಾರಿನ ವಯಸ್ಸಿಗೆ ತಕ್ಕಂತೆ ತಮಿಳುನಾಡಿಗೆ ಜೀವಿತಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಾಗುತ್ತದೆ, ಕರ್ನಾಟಕಕ್ಕೆ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲನ್ನು ಅರ್ಜಿ ಸಲ್ಲಿಸಿ ಹಿಂಪಡೆಯಬೇಕಾಗುತ್ತದೆ. ಆ ಹಣ ಯಾರ ಕೈಸೇರಬೇಕೆಂಬುದನ್ನು ಮುಂಗಡ ಕೊಡುವ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.