ಬ್ರೇಕ್ ಶಿಫ್ಟ್ ಕೆಲಸ: ಒಪ್ಪುವ ಮುನ್ನ ಲೆಕ್ಕ ಹಾಕಿ

ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಊಟಿ, ವಯನಾಡಿಗೆ ಹೋಗಿಬರುವವರನ್ನು ನಂಬಿರುವ ಗುಂಡ್ಲುಪೇಟೆಯ ಹೋಟೆಲ್‌ಗಳ ವ್ಯಾಪಾರವೂ ಈ ವೇಳೆಗೇ ಹೊಂದಿಕೊಳ್ಳಬೇಕು. ಬೆಳಿಗ್ಗೆ ಬೇಗ ಒಲೆ ಹಚ್ಚಬೇಕು, ಸಂಜೆಗೂ ಆಳು ಬೇಕು. ಕೆಲಸಗಾರರನ್ನು ನಡುವೆ ಬಿಟ್ಟು ಸಂಜೆ ಮತ್ತೆ ಕರೆಸುವುದೇ ಬ್ರೇಕ್ ಶಿಫ್ಟ್. ಇದು ಕಾನೂನುಬಾಹಿರವಲ್ಲ, ಆದರೆ ಮಿತಿಗಳಿವೆ. ಕೆಲಸಕ್ಕೆ ಸೇರುವವರೂ ಸೇರಿಸಿಕೊಳ್ಳುವವರೂ ಈ ಹಂತಗಳನ್ನು ಗಮನಿಸಿ.

1. ಕಾಯ್ದೆ ಯಾವುದೆಂದು ತಿಳಿಯಿರಿ
ಅಂಗಡಿ, ಹೋಟೆಲ್, ಲಾಡ್ಜ್, ಖಾಸಗಿ ಕಚೇರಿಗಳಿಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಅನ್ವಯಿಸುತ್ತದೆ. ಕಾರ್ಖಾನೆಗಳ ನಿಯಮ ಬೇರೆ.

2. ಮೂರು ಮಿತಿ ನೆನಪಿಡಿ
• ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ಸಾಮಾನ್ಯ ಕೆಲಸ ಇರಬಾರದು.
• 5 ಗಂಟೆಗಿಂತ ಹೆಚ್ಚು ಸತತವಾಗಿ ದುಡಿಸುವಂತಿಲ್ಲ. ಅಷ್ಟರೊಳಗೆ ಕನಿಷ್ಠ 1 ಗಂಟೆ ವಿರಾಮ ಕೊಡಬೇಕು.
• ದಿನದ ಕೆಲಸ ಶುರುವಾದಾಗಿನಿಂದ ಮುಗಿಯುವವರೆಗೆ, ವಿರಾಮವೂ ಸೇರಿ, 12 ಗಂಟೆ ಮೀರಬಾರದು.

ಜನ ಎಡವುವುದು ಮೂರನೆಯದರಲ್ಲಿ. ಬೆಳಿಗ್ಗೆ 6ರಿಂದ 10, ಸಂಜೆ 5ರಿಂದ 9 ಎಂದರೆ ಕೆಲಸ 8 ಗಂಟೆಯಷ್ಟೇ, ತಪ್ಪೇನಿಲ್ಲ ಅನ್ನಿಸುತ್ತದೆ. ಆದರೆ 6ರಿಂದ 9ಕ್ಕೆ 15 ಗಂಟೆಯಾಯಿತು, ಮಿತಿ ಮೀರಿತು. ಒಬ್ಬರೇ ಎರಡೂ ತುದಿ ಹಿಡಿಯುವ ಬದಲು ಎರಡು ತಂಡ ಮಾಡಿ: ಒಂದಕ್ಕೆ 6ರಿಂದ 10 ಮತ್ತು 2ರಿಂದ 6, ಇನ್ನೊಂದಕ್ಕೆ 9ರಿಂದ 1 ಮತ್ತು 5ರಿಂದ 9. ಇಬ್ಬರಿಗೂ 8 ಗಂಟೆ ಕೆಲಸ, 12 ಗಂಟೆಯೊಳಗೆ ಬಿಡುಗಡೆ. ವಾರಕ್ಕೆ 6 ದಿನವಾದರೆ ಸರಿಯಾಗಿ 48 ಗಂಟೆ. ದಿನಕ್ಕೆ 9 ಗಂಟೆಯಂತೆ 6 ದಿನ ದುಡಿಸಿದರೆ 54 ಆಗುತ್ತದೆ.

3. ಬಿಡುವು ನಿಜವಾದ ಬಿಡುವೇ?
ಬಿಡುವಿನಲ್ಲಿ ನೀವು ಸ್ವತಂತ್ರರಾಗಿರಬೇಕು. ತರಕಾರಿ ಹೆಚ್ಚಿಸಿದರೆ, ಗಲ್ಲಾ ನೋಡಿಕೊಳ್ಳಲು ಕೂರಿಸಿದರೆ ಅದು ಕೆಲಸದ ವೇಳೆಯೇ. ಅದಕ್ಕೂ ಸಂಬಳ ಕೇಳಿ.

4. ಓಡಾಟದ ಲೆಕ್ಕ ಹಾಕಿ
ತೆರಕಣಾಂಬಿಯಿಂದ ಚಾಮರಾಜನಗರಕ್ಕೆ ಬರುವವರು ಮಧ್ಯಾಹ್ನ ಮನೆಗೆ ಹೋಗಿ ಮರಳಿದರೆ ದಿನಕ್ಕೆ ನಾಲ್ಕು ಸಲ ಬಸ್ ಹತ್ತಬೇಕು. ಹೋಗದಿದ್ದರೆ ಮಲಗಲು ಜಾಗವೆಲ್ಲಿ? ಬಸ್ ಖರ್ಚು, ಮಧ್ಯಾಹ್ನದ ಊಟ, ವಿಶ್ರಾಂತಿಗೆ ಕೊಠಡಿ, ರಾತ್ರಿ ಮನೆ ಸೇರಲು ವ್ಯವಸ್ಥೆ ಇವನ್ನೆಲ್ಲ ಮೊದಲೇ ಮಾತಾಡಿ ಬರೆಸಿಕೊಳ್ಳಿ.

5. ಬರಹದಲ್ಲಿ ಪಡೆಯಿರಿ
ಕೆಲಸಕ್ಕೆ ಸೇರಿದ 30 ದಿನದೊಳಗೆ ಹುದ್ದೆ, ಸಂಬಳ, ಷರತ್ತುಗಳಿರುವ ನೇಮಕಾತಿ ಪತ್ರ ಕೊಡುವುದು ಮಾಲೀಕರ ಹೊಣೆ. ‘ಅಗತ್ಯವಿದ್ದಾಗ ಬರಬೇಕು’ ಎಂಬ ಸಾಲಿಗೆ ಒಪ್ಪಬೇಡಿ. ಹೀಗೆ ಬರೆಸಿ:

“ಕೆಲಸದ ವೇಳೆ ಬೆಳಿಗ್ಗೆ 9ರಿಂದ 1, ಸಂಜೆ 5ರಿಂದ 9. ದಿನಕ್ಕೆ ಎರಡೇ ಕಂತು. 1ರಿಂದ 5ರವರೆಗೆ ಕೆಲಸಗಾರರು ಸ್ವತಂತ್ರರು. ಆಗ ಕರೆದರೆ ಅದು ಕೆಲಸದ ಅವಧಿ. ವೇಳೆ ಬದಲಿಸುವುದಾದರೆ ಒಂದು ವಾರ ಮೊದಲು ತಿಳಿಸತಕ್ಕದ್ದು. ವಾರದ ರಜೆ: ______.”

‘ಎರಡೇ ಕಂತು’ ಎಂಬುದು ಹೊಸ ಬೇಡಿಕೆಯಲ್ಲ. ಬಸ್ ಚಾಲಕ, ನಿರ್ವಾಹಕರ ಕೆಲಸವನ್ನು ದಿನಕ್ಕೆ ಎರಡಕ್ಕಿಂತ ಹೆಚ್ಚು ಕಂತು ಮಾಡಬಾರದೆಂದು ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ 1961ರಲ್ಲೇ ಹೇಳಿತ್ತು.

6. ದಿನವೂ ಬರೆದಿಡಿ
ಬಂದ, ಬಿಟ್ಟ, ಮರಳಿ ಬಂದ, ಹೊರಟ ವೇಳೆ, ಈ ನಾಲ್ಕನ್ನೂ ಒಂದು ಪುಸ್ತಕದಲ್ಲಿ ಗುರುತು ಮಾಡಿ. ಮಿತಿ ಮೀರಿದ ಕೆಲಸಕ್ಕೆ ಎರಡುಪಟ್ಟು ಕೂಲಿ ಸಿಗಬೇಕು. ತಕರಾರು ಬಂದಾಗ ಈ ಪುಸ್ತಕ ನೆರವಿಗೆ ಬರುತ್ತದೆ.

7. ದೂರು ಎಲ್ಲಿ?
ಮೊದಲು ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಸರಿಹೋಗದಿದ್ದರೆ ಕಾರ್ಮಿಕ ನಿರೀಕ್ಷಕರನ್ನು ಕಾಣಿ. ನಿಯಮಗಳಿಗೆ ತಿದ್ದುಪಡಿ ಬಂದಿದ್ದರೆ ಅದನ್ನೂ ಅಲ್ಲೇ ಕೇಳಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ.

ಸೇರುವ ದಿನವೇ ಸಂಬಳದ ಜೊತೆಗೆ ಈ ಎರಡು ಪ್ರಶ್ನೆ ಕೇಳಿ: ಮೊದಲ ಕಂತು ಎಷ್ಟಕ್ಕೆ ಶುರು, ಕೊನೆಯದು ಎಷ್ಟಕ್ಕೆ ಮುಗಿಯುತ್ತದೆ? ನಡುವಿನ ಅಂತರ 12 ಗಂಟೆ ದಾಟಿದರೆ ಪತ್ರ ತಿದ್ದಿಸಿ, ಆಮೇಲೆ ಸಹಿ ಮಾಡಿ.