ಖಳ ಯಾರೆಂದು ಊಹಿಸುವವರಿಗೆ ಕೆಲವು ಮಾತು

ಬನಶಂಕರಿ ಎರಡನೇ ಹಂತದ ನಮ್ಮ ಮನೆ ತಾರಸಿಯಲ್ಲಿ ವಾರಕ್ಕೊಮ್ಮೆ ಒಂದು ಗುಂಪು ಸೇರುತ್ತದೆ. ಎಂಜಿನಿಯರಿಂಗ್ ಓದುವ ಹುಡುಗರು, ಬಿಟಿಎಂ ಲೇಔಟ್‌ನ ಪಿ.ಜಿ.ಗಳಿಂದ ಬರುವ ಸಾಫ್ಟ್‌ವೇರಿನವರು, ಜಯನಗರದಲ್ಲಿ ಔಷಧಿ ಅಂಗಡಿ ಇಟ್ಟಿರುವ ನನ್ನ ವಯಸ್ಸಿನವರೊಬ್ಬರು. ಆನಿಮೇಷನ್ ಸೂಪರ್‌ಹೀರೋ ಸರಣಿಯ ಮುಂದಿನ ಕಂತಿನಲ್ಲಿ ಯಾವ ಖಳ ಬರುತ್ತಾನೆ, ಯಾವ ಹಳೆಯ ಕಾಮಿಕ್ ಕಥೆಯನ್ನು ಎತ್ತಿಕೊಳ್ಳುತ್ತಾರೆ ಎಂದು ಜಗಳವಾಡುವುದೇ ಅಲ್ಲಿನ ಕೆಲಸ. ಕಾಲಹರಣ ಅನ್ನುವವರಿದ್ದಾರೆ. ಇರಲಿ, ಕಾಲಹರಣವೇ. ಆದರೆ ಮನಸ್ಸಿಗೆ ಬಂದ ಹೆಸರು ಎಸೆಯುವುದಕ್ಕೂ ತರ್ಕ ಹಿಡಿದು ಊಹಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಈ ಗುಂಪನ್ನು ಇಷ್ಟು ವರ್ಷ ನಡೆಸಿದ ಮೇಲೆ ನನಗೆ ತೋಚಿದ್ದನ್ನು ಬರೆದಿಟ್ಟಿದ್ದೇನೆ.

1. ಘಟನೆ ಒಂದು ಪುಸ್ತಕದ್ದು, ಖಳ ಇನ್ನೊಂದು ಪುಸ್ತಕದವನು

'ಎಕ್ಸ್-ಮೆನ್ '97' ಶುರುವಾದದ್ದು 2024ರ ಮಾರ್ಚ್ 20ರಂದು. 1992ರಿಂದ 1997ರವರೆಗೆ 76 ಕಂತು ಓಡಿ ನಿಂತಿದ್ದ ಹಳೆಯ ಸರಣಿಯ ಮುಂದುವರಿಕೆ. ಮೊದಲ ದಿನ ಎರಡು ಕಂತು, ಆಮೇಲೆ ಬುಧವಾರಕ್ಕೊಂದು. ಹಾಗಾಗಿ ಮಂಗಳವಾರ ರಾತ್ರಿಯೊಳಗೆ ಎಲ್ಲರೂ ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕೆಂದು ನಿಯಮ ಮಾಡಿದೆವು. ಬರೆಯದಿದ್ದರೆ ಕಂತು ಬಂದ ಮರುದಿನ "ನಾನು ಆವತ್ತೇ ಹೇಳಿರಲಿಲ್ವಾ" ಅನ್ನುವವರ ಕಾಟ ತಡೆಯಲಾಗುವುದಿಲ್ಲ.

ಐದನೇ ಕಂತಿನಲ್ಲಿ ಮ್ಯೂಟೆಂಟ್‌ಗಳ ನಾಡಾದ ಜೆನೋಶಾ ಸಂಭ್ರಮದ ರಾತ್ರಿಯಲ್ಲೇ ಸುಟ್ಟುಹೋಯಿತು. ಮೂರು ತಲೆಯ ದೈತ್ಯ ಸೆಂಟಿನೆಲ್ ಯಂತ್ರ ಬಂದು ಊರಿಗೆ ಊರನ್ನೇ ಅಳಿಸಿಹಾಕಿತು, ಎಕ್ಸ್-ಮೆನ್ ತಂಡದ ಗ್ಯಾಂಬಿಟ್ ಸತ್ತ. ಕಾಮಿಕ್ ಓದಿದವರಿಗೆ ಇದು ಗೊತ್ತಿದ್ದ ದುರಂತ. 2001ರಲ್ಲಿ ಗ್ರಾಂಟ್ ಮಾರಿಸನ್ ಬರೆದು ಫ್ರ್ಯಾಂಕ್ ಕ್ವೈಟ್ಲಿ ಚಿತ್ರಿಸಿದ 'ನ್ಯೂ ಎಕ್ಸ್-ಮೆನ್' 115ನೇ ಸಂಚಿಕೆಯಲ್ಲಿ ಜೆನೋಶಾದ 1 ಕೋಟಿ 60 ಲಕ್ಷ ಜನ ಸಾಯುತ್ತಾರೆ. ಅಲ್ಲಿ ಅದನ್ನು ಮಾಡಿಸುವವಳು ಕ್ಯಾಸಾಂಡ್ರಾ ನೋವಾ, ಪ್ರೊಫೆಸರ್ ಝೇವಿಯರ್‌ನ ಅವಳಿ. "ಅಂಕಲ್, ನೋವಾನೇ, ಪಕ್ಕಾ" ಎಂದು ಮುಕ್ಕಾಲು ತಾರಸಿ ಬರೆದುಕೊಟ್ಟಿತು.

ಬಂದವನು ಬಾಸ್ಟಿಯನ್. ಅವನು 1997ರ 'ಆಪರೇಷನ್: ಝೀರೋ ಟಾಲರೆನ್ಸ್' ಕಥೆಯ ಖಳ. 2001ರ ದುರಂತವನ್ನು ತಂದು 1997ರ ಖಳನ ಕೈಗೆ ಕೊಟ್ಟಿದ್ದರು. ಸರಣಿಯ ಹೆಸರಿನಲ್ಲೇ 97 ಎಂದು ಬರೆದಿದ್ದರೂ ಅದನ್ನು ಸುಳಿವೆಂದು ಯಾರೂ ಎಣಿಸಲಿಲ್ಲ.

ಹಿಂದಿನ ಕಂತುಗಳಲ್ಲೂ ಜಾಡು ಇತ್ತು. ಮೊದಲ ಕಂತಿನಲ್ಲೇ ಬೊಲಿವರ್ ಟ್ರಾಸ್ಕ್ ಮತ್ತು ಅವನ ಮಾಸ್ಟರ್ ಮೋಲ್ಡ್ ಯಂತ್ರ ಬಂದುಹೋಗುತ್ತವೆ. ಕಾಮಿಕ್ಕಿನ ಬಾಸ್ಟಿಯನ್ ಹುಟ್ಟಿದ್ದೇ ಮಾಸ್ಟರ್ ಮೋಲ್ಡ್ ಮತ್ತು ನಿಮ್ರಾಡ್ ಎಂಬ ಎರಡು ಯಂತ್ರಗಳ ಬೆರಕೆಯಿಂದ. ನೋವಾಗಾದರೆ ಅಷ್ಟು ಕಂತುಗಳಲ್ಲಿ ಒಂದು ಎಳೆಯೂ ಇರಲಿಲ್ಲ. ಸಾಲದ್ದಕ್ಕೆ 2024ರ ಜುಲೈನಲ್ಲಿ ಬರಲಿದ್ದ 'ಡೆಡ್‌ಪೂಲ್ ಆಂಡ್ ವುಲ್ವರೀನ್' ಸಿನಿಮಾದ ಖಳನಾಯಕಿ ಅವಳೇ. ಒಂದೇ ಕಂಪನಿ, ಒಂದೇ ವರ್ಷ, ಒಂದೇ ಖಳನಾಯಕಿಯನ್ನು ಎರಡು ಕಡೆ ಬೇರೆ ಬೇರೆ ಥರ ತೋರಿಸುವುದು ಕಷ್ಟದ ಮಾತು.

ಹಾಗಾಗಿ ಈಗ ನಮ್ಮಲ್ಲಿ ಕಾಮಿಕ್ ಸಂಚಿಕೆಯ ನಂಬರ್ ಹೇಳಿದರೆ ಸಾಲದು. ಸರಣಿಯ ಒಳಗಿಂದಲೇ ಒಂದು ಆಧಾರ ತೋರಿಸಬೇಕು. ಅದಿಲ್ಲದ ಊಹೆಗೆ ನೋಟ್‌ಬುಕ್ಕಿನಲ್ಲಿ ಜಾಗವಿಲ್ಲ.

2. ಹಕ್ಕು ಯಾರ ಹತ್ತಿರ ಇದೆ ಅಂತ ಮೊದಲು ಕೇಳಿ

ಕಥೆಗಾರನ ಮನಸ್ಸನ್ನು ಓದಲು ಹೊರಡುವ ಮುಂಚೆ ವಕೀಲರ ಮನಸ್ಸನ್ನು ಓದಿ. 1994ರ 'ಸ್ಪೈಡರ್-ಮ್ಯಾನ್' ಸರಣಿಯಲ್ಲಿ ಸ್ಯಾಂಡ್‌ಮ್ಯಾನ್ ಯಾಕಿಲ್ಲ ಎಂದು ಕೇಳುವವರು ಇವತ್ತಿಗೂ ಇದ್ದಾರೆ. ಆಗ ಜೇಮ್ಸ್ ಕ್ಯಾಮರನ್ ಸ್ಪೈಡರ್-ಮ್ಯಾನ್ ಸಿನಿಮಾ ಮಾಡುವ ಯೋಜನೆಯಿತ್ತು, ಸ್ಯಾಂಡ್‌ಮ್ಯಾನ್ ಮತ್ತು ಎಲೆಕ್ಟ್ರೋ ಅದಕ್ಕೆ ಮೀಸಲು. ಮರಳಿನವನ ಜಾಗಕ್ಕೆ ನೀರಿನವನು, ಹೈಡ್ರೋ-ಮ್ಯಾನ್, ಬಂದ. ಕ್ಯಾಮರನ್ ಸಿನಿಮಾ ಬರಲೇ ಇಲ್ಲ.

'ಜಸ್ಟೀಸ್ ಲೀಗ್ ಅನ್‌ಲಿಮಿಟೆಡ್'ನಲ್ಲೂ ಇದೇ ಪಾಡು. ಆ ಹೊತ್ತಿಗೆ ಬ್ಯಾಟ್‌ಮ್ಯಾನ್‌ಗೆ ಬೇರೆಯೇ ಒಂದು ಸರಣಿ, ಬೇರೆಯೇ ಒಂದು ಸಿನಿಮಾ. ಹಾಗಾಗಿ ಲೀಗಿನಲ್ಲಿ ಬ್ಯಾಟ್‌ಮ್ಯಾನ್ ಇದ್ದರೂ ಜೋಕರ್‌ಗೆ ಬಾಗಿಲು ಮುಚ್ಚಿತ್ತು. ಅಭಿಮಾನಿಗಳು ಇದಕ್ಕೆ 'ಬ್ಯಾಟ್-ಎಂಬಾರ್ಗೋ' ಅಂದರು. ಜೋಕರ್ ಬರುತ್ತಾನೆಂದು ಆಗ ಯಾರು ಎಷ್ಟು ಚೆನ್ನಾಗಿ ತರ್ಕಿಸಿದ್ದರೂ ಎಲ್ಲ ನೀರಲ್ಲಿ ಹೋಮ.

3. ನಿಮಗೆ ಅನುಮಾನ ಬರಲೆಂದೇ ಇಟ್ಟವರು

'ಯಂಗ್ ಜಸ್ಟೀಸ್' ಮೊದಲ ಸೀಸನ್ನಿನಲ್ಲಿ ತಂಡದೊಳಗೊಬ್ಬ ಗೂಢಚಾರ ಇದ್ದಾನೆ ಎಂಬ ಮಾತು ಬರುತ್ತದೆ. ಆರ್ಟೆಮಿಸ್ ಮೇಲೆ ಕಾಮಿಕ್ ಓದಿದವರೆಲ್ಲರ ಕಣ್ಣು. ಯಾಕೆಂದರೆ ಕಾಮಿಕ್ಕಿನ ಆರ್ಟೆಮಿಸ್ ಖಳರ ಮಗಳು, ತಾನೂ ಖಳರ ಗುಂಪಿನವಳೇ. ತಯಾರಕರಿಗೂ ಅದು ಗೊತ್ತಿತ್ತು. ಅವಳಿಗೆ ಗುಟ್ಟು ಕೊಟ್ಟರು, ಸುಳ್ಳು ಹೇಳಿಸಿದರು. ಕೊನೆಗೆ ಗೂಢಚಾರನೆಂದು ಬಯಲಾದವನು ಆ ಗೂಢಚಾರನನ್ನೇ ಹುಡುಕುತ್ತ ಓಡಾಡುತ್ತಿದ್ದ ರೆಡ್ ಆ್ಯರೋ. ತಾನು ಅಸಲಿಯಲ್ಲ, ಒಬ್ಬನ ತದ್ರೂಪು ಎಂಬುದು ಅವನಿಗೇ ತಿಳಿದಿರಲಿಲ್ಲ.

ಕಾಮಿಕ್ ಓದಿದವರು ತಾವು ಒಂದು ಹೆಜ್ಜೆ ಮುಂದಿದ್ದೇವೆ ಅಂದುಕೊಳ್ಳುತ್ತಾರೆ. ಅವರ ಓದನ್ನೇ ಗಾಳವಾಗಿ ಬಳಸುವ ಬರಹಗಾರರಿದ್ದಾರೆ. ಒಂದು ಪಾತ್ರದ ಮೇಲೆ ಅನುಮಾನ ಬಹಳ ಸಲೀಸಾಗಿ ಬಂದರೆ, ಅದನ್ನು ತಂದಿಟ್ಟವರು ಯಾರು ಎಂದು ಒಂದು ಗಳಿಗೆ ಯೋಚಿಸಿ.

4. ಖಳ ಬದಲಾಗಿಲ್ಲ, ಖಳನ ಮನಸ್ಸು ಬದಲಾಗಿದೆ

ಈ ಪಾಠಕ್ಕೆ ಬಂದಾಗಲೆಲ್ಲ ಚರ್ಚೆ ರಾತ್ರಿ ಹತ್ತು ದಾಟುತ್ತದೆ.

'ಟೀನ್ ಟೈಟನ್ಸ್' ಕಾಮಿಕ್ಕಿನಲ್ಲಿ ಟೆರಾ ಎಂಬ ಹುಡುಗಿ ತಂಡಕ್ಕೆ ಸೇರಿ, ಒಳಗಿನಿಂದಲೇ ಸ್ಲೇಡ್ ಎಂಬ ಖಳನಿಗೆ ಸುದ್ದಿ ಮುಟ್ಟಿಸುತ್ತಾಳೆ. 1984ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ತಂದ 'ದಿ ಜುಡಾಸ್ ಕಾಂಟ್ರಾಕ್ಟ್' ಕಥೆಯಲ್ಲಿ ಅವಳ ದ್ರೋಹ ಹೊರಬೀಳುತ್ತದೆ, ತನ್ನ ಕೋಪಕ್ಕೇ ತಾನು ಬಲಿಯಾಗಿ ಸಾಯುತ್ತಾಳೆ. ಪಶ್ಚಾತ್ತಾಪದ ಸುಳಿವೂ ಇಲ್ಲ. ಕಾರ್ಟೂನ್ ನೆಟ್‌ವರ್ಕ್ 2003ರಿಂದ 2006ರವರೆಗೆ ತಂದ ಆನಿಮೇಷನ್ ಸರಣಿಯಲ್ಲಿ ಹುಡುಗಿ ಅದೇ, ದ್ರೋಹವೂ ಅದೇ, ಯಜಮಾನನೂ ಅದೇ ಸ್ಲೇಡ್. ಆದರೆ ಈ ಟೆರಾ ತನ್ನ ಶಕ್ತಿಗೆ ತಾನೇ ಹೆದರುವವಳು. ಕೊನೆಗೆ ಸ್ಲೇಡ್ ವಿರುದ್ಧವೇ ತಿರುಗಿ, ಊರನ್ನು ಉಳಿಸಿ, ಕಲ್ಲಾಗಿ ನಿಲ್ಲುತ್ತಾಳೆ. ಮುಂದೇನು ಎಂದು ಕೇಳಿದ್ದರೆ ಕಾಮಿಕ್ ಓದಿದವರು ಘಟನೆಗಳನ್ನು ಬಹುಪಾಲು ಸರಿಯಾಗಿಯೇ ಹೇಳುತ್ತಿದ್ದರು, ಆದರೂ ಕಥೆ ಅವರ ಕೈ ತಪ್ಪುತ್ತಿತ್ತು.

ಕನ್ನಡ ಓದುವವರಿಗೆ ಇದು ಹೊಸದೇನಲ್ಲ. ಹನ್ನೆರಡನೇ ಶತಮಾನದ ನಾಗಚಂದ್ರನ 'ರಾಮಚಂದ್ರ ಚರಿತ ಪುರಾಣ' ತೆರೆದರೆ ರಾವಣ ರಾಕ್ಷಸನಲ್ಲ, ಒಂದೇ ಒಂದು ದೌರ್ಬಲ್ಯಕ್ಕೆ ಸಿಕ್ಕಿ ಹಾಳಾದ ದೊಡ್ಡ ಮನುಷ್ಯ, ಕೊನೆಗೆ ಮನ ಕರಗಿದವನು. ಜೈನ ಪರಂಪರೆಯಲ್ಲಿ ಅವನನ್ನು ಕೊಲ್ಲುವವನು ರಾಮನೂ ಅಲ್ಲ, ಲಕ್ಷ್ಮಣ. ರನ್ನನ 'ಗದಾಯುದ್ಧ' ಓದಿ ಮುಗಿಸಿದ ಮೇಲೆ ದುರ್ಯೋಧನನನ್ನು ಬರೀ ಖಳ ಎನ್ನಲು ಬಾಯಿ ಬರುವುದಿಲ್ಲ. ಆ ಕಾಲದ ಕೇಳುಗರಿಗೂ ಮೂಲಕಥೆ ಗೊತ್ತಿತ್ತು. ಯುದ್ಧದಲ್ಲಿ ಯಾರು ಗೆಲ್ಲುತ್ತಾರೆ ಎಂದು ತಿಳಿಯುವುದಕ್ಕೆ ಯಾರೂ ಕೂತಿರಲಿಲ್ಲ, ಈ ಕವಿ ದುರ್ಯೋಧನನನ್ನು ಹೇಗೆ ನಡೆಸಿಕೊಳ್ಳುತ್ತಾನೆ ಎಂದು ಕೂತಿದ್ದರು. ನಮ್ಮ ತಾರಸಿಯಲ್ಲೂ 'ಯಾರು' ಎಂಬ ಪ್ರಶ್ನೆ ಒಂದು ಕಾಫಿಗೆ ಮುಗಿಯುತ್ತದೆ. 'ಎಂಥವನು' ಎಂಬುದಕ್ಕೆ ಬಂದಾಗಲೇ ಚರ್ಚೆಗೆ ರಂಗು.

ಮಿಸ್ಟರ್ ಫ್ರೀಜ್‌ನನ್ನು ನೋಡಿ. ಬ್ಯಾಟ್‌ಮ್ಯಾನ್ ಕಾಮಿಕ್ಕಿನಲ್ಲಿ ಹಿಮದ ಬಂದೂಕು ಹಿಡಿದು ಓಡಾಡುವ ಮೂರನೇ ದರ್ಜೆ ಖಳನಾಗಿದ್ದ. 1992ರ ಬ್ಯಾಟ್‌ಮ್ಯಾನ್ ಆನಿಮೇಷನ್ ಸರಣಿಯ 'ಹಾರ್ಟ್ ಆಫ್ ಐಸ್' ಕಂತಿನಲ್ಲಿ ಪಾಲ್ ಡಿನಿ ಅವನಿಗೆ ನೋರಾ ಎಂಬ ಕಾಯಿಲೆಯ ಹೆಂಡತಿಯನ್ನು ಕೊಟ್ಟರು. ಅಷ್ಟೇ ಸಾಕಾಯಿತು. ಆಮೇಲೆ ಕಾಮಿಕ್ಕೇ ಆ ಕಥೆಯನ್ನು ತನ್ನದಾಗಿ ಮಾಡಿಕೊಂಡಿತು. ಹಾರ್ಲೆ ಕ್ವಿನ್ ಅಂತೂ ಅದೇ ಸರಣಿಯಲ್ಲಿ ಹುಟ್ಟಿ ಕಾಮಿಕ್ಕಿಗೆ ವಲಸೆ ಹೋದವಳು. ಮೂಲ ಯಾವುದು, ನಕಲು ಯಾವುದು ಎಂಬ ಜಗಳಕ್ಕೆ ಇಳಿಯುವ ಹುಡುಗರ ಮುಂದೆ ನಾನು ಈ ಇಬ್ಬರ ಹೆಸರು ಹೇಳಿ ಸುಮ್ಮನಾಗುತ್ತೇನೆ.

5. ಕಂಠ ಕೇಳಿ

ಕನ್ನಡ ಸಿನಿಮಾದಲ್ಲಿ ಪರದೆಯಾಚೆಯಿಂದ ವಜ್ರಮುನಿಯವರ ಒಂದು ಗುಡುಗು ಕೇಳಿದರೆ ಖಳ ಯಾರೆಂದು ಯಾರೂ ತಲೆ ಕೆರೆದುಕೊಳ್ಳುತ್ತಿರಲಿಲ್ಲ. ಆನಿಮೇಷನ್‌ನಲ್ಲಿ ಮುಖ ಕಾಣದ ಕಾರಣ ಕಂಠದ ಹಿಂದಿನ ಹೆಸರೇ ಸುಳಿವು. 'ಎಕ್ಸ್-ಮೆನ್ '97'ಗೆ ನಟ ಥಿಯೋ ಜೇಮ್ಸ್ ಸೇರಿದ್ದಾರೆ, ಪಾತ್ರ ಗುಟ್ಟು ಎಂದು ಮೊದಲೇ ಸುದ್ದಿಯಾಗಿತ್ತು. ಒಂದು ಕಂತಿಗೆ ಬಂದುಹೋಗುವ ಪಾತ್ರವನ್ನು ಹಾಗೆ ಮುಚ್ಚಿಡುವುದಿಲ್ಲ. ಅವರೇ ಬಾಸ್ಟಿಯನ್. ಮುಚ್ಚಿಟ್ಟ ಹೆಸರು ಹೇಳಿದ ಹೆಸರಿಗಿಂತ ಹೆಚ್ಚು ಮಾತಾಡುತ್ತದೆ.

6. ಆಟಿಕೆಯ ಡಬ್ಬ ತಿರುಗಿಸಬೇಡಿ

1993ರ 'ಬ್ಯಾಟ್‌ಮ್ಯಾನ್: ಮಾಸ್ಕ್ ಆಫ್ ದಿ ಫ್ಯಾಂಟಾಸಮ್' ಚಿತ್ರದ ಇಡೀ ಕುತೂಹಲ ಮುಖವಾಡದ ಹಿಂದೆ ಯಾರು ಎಂಬುದರಲ್ಲಿತ್ತು. ಆಟಿಕೆ ಕಂಪನಿ ಆ ಗೊಂಬೆಯನ್ನು ಮುಖವಾಡ ತೆಗೆದೇ ಡಬ್ಬದಲ್ಲಿಟ್ಟು ಮಾರಿತು.

7. ಕಥೆ ಗೊತ್ತಿದ್ದವರು ಬಾಯಿ ಕಟ್ಟಬೇಕು

'ಇನ್‌ವಿನ್ಸಿಬಲ್' ಬೇರೆ ಜಾತಿಯ ಪ್ರಾಣಿ. ರಾಬರ್ಟ್ ಕರ್ಕ್‌ಮನ್ ಬರೆದ ಆ ಕಾಮಿಕ್ 2003ರಲ್ಲಿ ಶುರುವಾಗಿ 144 ಸಂಚಿಕೆಗೆ 2018ರಲ್ಲಿ ಮುಗಿದಿದೆ. ಯಾರು ಬೇಕಾದರೂ ಓದಿ ಕೊನೆ ತಿಳಿಯಬಹುದು. 2025ರ ಮಾರ್ಚ್‌ನಲ್ಲಿ ಮೂರನೇ ಸೀಸನ್ನಿನ ಕೊನೆಗೆ ಕಾಂಕ್ವೆಸ್ಟ್ ಎಂಬ ಖಳ ಬಂದು ಇಡೀ ಕಂತನ್ನು ರಕ್ತದಲ್ಲಿ ತೋಯಿಸಿದಾಗ, ಅವನು ಬರುತ್ತಾನೆಂದು ನಮ್ಮಲ್ಲಿ ಅರ್ಧ ಜನಕ್ಕೆ ಮೊದಲೇ ಗೊತ್ತಿತ್ತು. ಇಂಥ ಸರಣಿಗೆ ಊಹೆಯ ಆಟ ಆಡಿಸುವುದು ಓದದವರಿಗೆ ಮಾಡುವ ಮೋಸ.

ಹಾಗಾಗಿ ಇದಕ್ಕೆ ಬೇರೆ ಆಟ: ಕಾಮಿಕ್ಕಿನಲ್ಲಿ ಇಲ್ಲದ್ದನ್ನು ಎಲ್ಲಿ ಸೇರಿಸುತ್ತಾರೆ, ಯಾವುದನ್ನು ಹಿಂದೆ ಮುಂದೆ ಮಾಡುತ್ತಾರೆ ಎಂದಷ್ಟೇ ಹೇಳಬೇಕು. ಆಮ್ನಿ-ಮ್ಯಾನ್ ತನ್ನ ಜೊತೆಗಾರರನ್ನೇ ಕೊಲ್ಲುವುದು ಕಾಮಿಕ್ಕಿನಲ್ಲಿ ಏಳನೇ ಸಂಚಿಕೆಗೆ. ಸರಣಿಯಲ್ಲಿ ಮೊದಲ ಕಂತಿನ ಕೊನೆಗೇ. ಈ ಸ್ಥಳಾಂತರ ಯಾಕೆ ಎಂದು ಬಿಡಿಸಿ ಹೇಳಿದವನಿಗೆ ನಮ್ಮಲ್ಲಿ ಮರ್ಯಾದೆ ಜಾಸ್ತಿ.

ಇನ್ನೊಂದು ಸಣ್ಣ ನಿಯಮ. ಗ್ರೀನ್ ಲೈನ್ ಮೆಟ್ರೋದಲ್ಲಿ ನಿಂತು ಕಂತಿನ ಕೊನೆಯನ್ನು ಜೋರಾಗಿ ಹೇಳಬಾರದು. ಆರ್.ವಿ. ರೋಡ್‌ನಿಂದ ಬನಶಂಕರಿ ಬರುವಷ್ಟರಲ್ಲಿ ಯಾರದೋ ಬುಧವಾರ ಹಾಳಾಗಿರುತ್ತದೆ.

8. ಎಲ್ಲವನ್ನೂ ಓದಬೇಕಿಲ್ಲ

ಊಹಿಸಬೇಕಾದರೆ ಅರವತ್ತು ವರ್ಷದ ಕಾಮಿಕ್ಕನ್ನೆಲ್ಲ ಓದಿರಬೇಕೆಂದು ಹೊಸಬರು ಹೆದರುತ್ತಾರೆ. ಬೇಡ. ಸರಣಿ ಯಾವ ಕಾಲದ ಕಥೆಗಳ ಮೇಲೆ ನಿಂತಿದೆ ಎಂದು ತಿಳಿದುಕೊಂಡು ಆ ಕಾಲದ ನಾಲ್ಕು ದೊಡ್ಡ ಕಥೆ ಓದಿದರೆ ಸಾಕು. 'ಎಕ್ಸ್-ಮೆನ್ '97'ಗಾದರೆ 1989ರ 'ಇನ್‌ಫರ್ನೋ', 1993ರ 'ಫೇಟಲ್ ಅಟ್ರಾಕ್ಷನ್ಸ್', 1997ರ 'ಝೀರೋ ಟಾಲರೆನ್ಸ್', 2001ರ ಜೆನೋಶಾ. ಮ್ಯಾಗ್ನೀಟೋ ವುಲ್ವರೀನ್‌ನ ಮೈಯಿಂದ ಲೋಹವನ್ನು ಕಿತ್ತೆಳೆದಾಗ, ಆ ಎರಡನೆಯದನ್ನು ಓದಿದ್ದವರು ಅರೆಕ್ಷಣ ಮೊದಲೇ ಕಣ್ಣು ಮುಚ್ಚಿಕೊಂಡಿದ್ದರು.

ಕಾಮಿಕ್ ಅಂದರೆ ಅಮೆರಿಕದ್ದೇ ಎಂದು ಮೂಗು ಮುರಿಯುವ ಹಿರಿಯರು ಸಿಕ್ಕರೆ ಅವರಿಗೊಂದು ಸಂಗತಿ ಹೇಳುತ್ತೇನೆ. ಅಮರ ಚಿತ್ರ ಕಥೆಯ ಮೊಟ್ಟಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಂ ಅವರ ಪ್ರಯತ್ನದಿಂದ. ಅವು ಪುರಾಣದ ಕಥೆಗಳೂ ಆಗಿರಲಿಲ್ಲ, ಸಿಂಡರೆಲಾ ಥರದ ಪಾಶ್ಚಾತ್ಯ ಕಥೆಗಳು. ಕೃಷ್ಣ ಬಂದದ್ದು ಆಮೇಲೆ, ಕಾರ್ಕಳದ ಅನಂತ ಪೈ ಅವರ ಕೈಯಲ್ಲಿ. ಹೊರಗಿನ ಚಿತ್ರಕಥೆಯನ್ನು ಕನ್ನಡದಲ್ಲಿ ಕೂತು ಅನುಭವಿಸುವ ಚಾಳಿ ಈ ಊರಿಗೆ ಅಂಟಿ ಬಹಳ ಕಾಲವಾಯಿತು. ಔಷಧಿ ಅಂಗಡಿಯ ನಮ್ಮ ಗೆಳೆಯರು ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಓದಿ ಬೆಳೆದವರು. ಅವರ ಊಹೆಗಳು ಹುಡುಗರ ಊಹೆಗಳಿಗಿಂತ ಕೀಳೇನಲ್ಲ.

9. ಒಂದು ವಾದ, ಉದಾಹರಣೆಗೆ

2024ರ ಮೇ 15ರಂದು 'ಎಕ್ಸ್-ಮೆನ್ '97'ರ ಮೊದಲ ಸೀಸನ್ ಮುಗಿದಾಗ, ಹೆಸರುಗಳೆಲ್ಲ ಬಂದುಹೋದ ಮೇಲೆ ಒಂದು ಸಣ್ಣ ದೃಶ್ಯವಿತ್ತು: ಜೆನೋಶಾದ ಅವಶೇಷಗಳ ನಡುವೆ ಅಪೊಕ್ಯಾಲಿಪ್ಸ್ ಎಂಬ ಖಳ ನಿಂತಿದ್ದಾನೆ, ಗ್ಯಾಂಬಿಟ್‌ನ ಒಂದು ಇಸ್ಪೀಟು ಎಲೆ ಅವನ ಕೈಯಲ್ಲಿ. ಕಾಮಿಕ್ಕಿನಲ್ಲಿ 2006ರಲ್ಲಿ ಗ್ಯಾಂಬಿಟ್ ಇದೇ ಅಪೊಕ್ಯಾಲಿಪ್ಸ್‌ನ ಕುದುರೆ ಸವಾರರಲ್ಲೊಬ್ಬನಾಗಿ, 'ಡೆತ್' ಎಂಬ ಹೆಸರಿನಲ್ಲಿ ಬರುತ್ತಾನೆ. ಇಡೀ ತಾರಸಿ ಒಂದೇ ಮಾತು ಹೇಳಿತು: ಗ್ಯಾಂಬಿಟ್ ಎದ್ದು ಬರುತ್ತಾನೆ, ಖಳನಾಗಿ.

ನಾನು ನೋಟ್‌ಬುಕ್ಕಿನಲ್ಲಿ ಬೇರೆ ಬರೆದೆ. ಸರಣಿಯೊಳಗೆ ಆಧಾರ ಇದೆಯೇ? ಇದೆ, ಎಲೆಯೇ ಆಧಾರ. ಹಕ್ಕಿನ ತೊಡಕು? ಇಲ್ಲ. ಆದರೆ ಸುಳಿವು ಇಷ್ಟು ಸಲೀಸಾಗಿ ಕೈಗೆ ಸಿಕ್ಕಿದೆಯಲ್ಲ, ಅದೇ ನನಗೆ ಇಷ್ಟವಾಗಲಿಲ್ಲ. ಜೆನೋಶಾದಲ್ಲಿ ಘಟನೆಯನ್ನು ಉಳಿಸಿಕೊಂಡು ಮಾಡಿಸುವವರನ್ನು ಬದಲಿಸಿದ ಬರಹಗಾರರು ಇಲ್ಲಿ ಸವಾರನನ್ನು ಉಳಿಸಿಕೊಂಡು ಅವನ ಮನಸ್ಸನ್ನು ಬದಲಿಸಬಹುದು. ಗ್ಯಾಂಬಿಟ್ ಎದ್ದು ಬರಲಿ, ಡೆತ್ ಎಂಬ ಹೆಸರನ್ನೂ ಹೊರಲಿ, ಆದರೆ ಯಜಮಾನನ ಕಡೆ ಮನಸ್ಸಿಲ್ಲದ ಸವಾರನಾಗಿ ಬರುತ್ತಾನೆ ಎಂಬುದು ನನ್ನ ಪಟ್ಟು. ಟೆರಾಳ ಜಾಡು ಅದು.

"ಅದು ಊಹೆಯಲ್ಲ ಅಂಕಲ್, ಆಸೆ" ಅಂದಳು ಬಿಟಿಎಂನಿಂದ ಬರುವ ಹುಡುಗಿ. ಇರಬಹುದು. ಸಹಿ ಮಾತ್ರ ಹಾಕಿದ್ದೇನೆ, ಪಕ್ಕದಲ್ಲಿ ಅವಳ ಸಹಿಯೂ ಇದೆ.